ಬಜಾರದ ಮಾತು 6: ದೊಡ್ಡಾಕಿ ಆದ ಮ್ಯಾಲೆ ಯಾವ ಸೈಜು?

ಒಂಬತ್ತನೇ ಕ್ಲಾಸಿನ ಮಗಳನ್ನ ಕರ್ಕೊಂಡು ಬಟ್ಟೆ ಅಂಗಡಿಗೆ ಹೋಗೋ ಅವ್ವಂದಿರೇ, ಅಕ್ಕಂದಿರೇ, ಈ ಸಲದ ಮಾತು ನಿಮಗ.

ಹೋದ ವರ್ಷದ ತನಕ ಆಕಿಗೆ ‘13–14 ವರ್ಷ’ ಅಂತ ಬರೆದಿರೋ ಬಟ್ಟೆ ಸಾಕಾಗ್ತಿತ್ತು. ಈಗ ಅದು ಎದೆಗೆ ಬಿಗಿ. ಹೆಂಗಸರ ಬಟ್ಟೆ ಕಡೆ ಬಂದ್ರ ಎದೆಗೆ ಸರಿ ಆದದ್ದು ಭುಜದಿಂದ ಜಾರತೈತಿ. ಮಸ್ಕಿ ಬಜಾರದಾಗ ಸಿಗಲಿಲ್ಲಂತ ಸಿಂಧನೂರಿಗೆ ಹೋಗ್ತೀರಿ, ಇಲ್ಲಾ ಲಿಂಗಸುಗೂರಿಗೆ. ಅಲ್ಲೂ ಅದೇ ಕತಿ. ಕೊನೆಗೆ ಅಂಗಡಿ ತುಂಬ ಮಂದಿ ಇದ್ದಾಗ ಯಾರೋ ಒಂದು ಮಾತು ಅಂತಾರ: “ಈಕಿಗೆ ಎಕ್ಸ್‌ಎಲ್ಲೇ ಬೇಕ್ರಿ, ಮೈ ಬಂದೈತಿ.” ಹುಡುಗಿ ನೆಲ ನೋಡ್ತಾಳ.

ತಪ್ಪು ಆಕಿ ಮೈಯಾಗ ಇಲ್ಲ, ಲೇಬಲ್‌ನಾಗ ಐತಿ.

ಮಕ್ಕಳ ಬಟ್ಟೆ ವಯಸ್ಸು, ಎತ್ತರ ನೋಡಿ ಹೊಲಿದದ್ದು. ಮೇಲಿಂದ ಕೆಳಗಿನ ತನಕ ಹೆಚ್ಚುಕಡಿಮೆ ನೆಟ್ಟಗೆ ಇರುತ್ತದೆ. ಹೆಂಗಸರ ಬಟ್ಟೆಯ ಲೆಕ್ಕ ಶುರುವಾಗೋದೇ ಎದೆಯ ಸುತ್ತಳತೆಯಿಂದ. ಭುಜ ಅಗಲ, ಟಕ್ಸ್ ಬೇರೆ. 14–16ರ ಹುಡುಗಿಯ ಮೈ ಇವೆರಡರ ನಡುವೆ ಇರುತ್ತದೆ. ಆ ನಡುವಿನ ಅಳತೆಗೆ ಹೊಲಿಯುವವರು ಕಡಿಮೆ.

ಅಕ್ಷರಗಳೂ ಎಲ್ಲಾ ಕಡೆ ಒಂದೇ ಅಲ್ಲ. ಒಂದು ಕಂಪನಿ ಕುರ್ತಿಯಲ್ಲಿ ಎಂ ಅಂದ್ರ 38 ಇಂಚು, ಇನ್ನೊಂದರಲ್ಲಿ 36. ನಮ್ಮದೇ ಅಳತೆ ಪಟ್ಟಿ ಇಲ್ಲದ್ದಕ್ಕೆ ಕಂಪನಿಗಳು ಅಮೆರಿಕ, ಬ್ರಿಟನ್ ಪಟ್ಟಿಗಳನ್ನೇ ಅಷ್ಟಿಷ್ಟು ತಿದ್ದಿ ಬಳಸಿಕೊಂಡು ಬಂದವು. ಅದಕ್ಕೇ ನಿಫ್ಟ್ ಸಂಸ್ಥೆ 15ರಿಂದ 65 ವಯಸ್ಸಿನ 25,000 ಮಂದಿಯ ಮೈ ಅಳೆಯುವ ‘ಇಂಡಿಯಾ ಸೈಜ್’ ಯೋಜನೆ ಹಾಕಿಕೊಂಡಿತು. ಅದಕ್ಕೆ ಆರಿಸಿದ ಆರು ನಗರಗಳಲ್ಲಿ ಬೆಂಗಳೂರೂ ಒಂದು. ಇಡೀ ದೇಶವೇ ಇನ್ನೂ ಅಳೀಬೇಕು ಅಂತಿದ್ದ ಲೆಕ್ಕಕ್ಕ ನಮ್ಮ ಹುಡುಗಿ ಯಾಕ ತಲಿ ತಗ್ಗಿಸಬೇಕು?

ನಮ್ಮ ಅವ್ವಂದಿರ ಇಳಕಲ್ ಸೀರೆಗೆ ಸೈಜ್ ಇರಲಿಲ್ಲ. ತೆಳ್ಳಗಿನ ಮಗಳೂ ಉಟ್ಟಳು, ಮೈತುಂಬಿದ ಅತ್ತಿಯೂ ಉಟ್ಟಳು. ಗುಳೇದಗುಡ್ಡದ ಖಣ ತಂದುಕೊಟ್ರ ಸಿಂಪಿಗರು ಅಳತಿ ತಗೊಂಡು ಕುಬಸ ಹೊಲಿದರು. ಆಗ ಯಾರೂ ‘ಎಕ್ಸ್‌ಎಲ್’ ಆಗಿರಲಿಲ್ಲ.

ಇನ್ನೊಂದು ಮಾತು, ಬ್ಯಾಸರ ಮಾಡ್ಕೋಬ್ಯಾಡ್ರಿ. ದೊಡ್ಡಾಕಿ ಆದಳು ಅಂತ ಎರಡು ಸೈಜ್ ಹೆಚ್ಚಿಂದು ತಂದು, ಮ್ಯಾಲೊಂದು ವೇಲ್ ಹೊಚ್ಚಿ ಕಳಸ್ತೀವಲ್ಲ? ಬೆಳೆಯೋ ಹುಡುಗಿ, ಇನ್ನೆರಡು ವರ್ಷ ಬರಲಿ ಅನ್ನೋ ಲೆಕ್ಕ ಅರ್ಥ ಆಗತೈತಿ. ರೊಕ್ಕ ಯಾರಿಗೂ ಪುಕ್ಕಟ ಬರಂಗಿಲ್ಲ. ಆದ್ರ ತನ್ನ ಮೈ ಬಚ್ಚಿಡೋ ವಸ್ತು ಅಂತ ಆಕಿ ಕಲಿಯೋದು ಅಲ್ಲಿಂದನ.

ಹಂಗಾದ್ರ ಏನು ಮಾಡಬೇಕು?

▪️ ಮನಿಯಾಗ ಟೇಪ್ ಹಿಡಿದು ಎದೆ, ನಡು, ಹಿಪ್, ಭುಜ ಅಳೀರಿ. ಆಕಿನ ಫೋನಿನಾಗ ಬರ್ಕೊಳ್ಳಲಿ.

▪️ ಅಂಗಡ್ಯಾಗ ಅಕ್ಷರ ಬಿಟ್ಟು ಇಂಚು ಕೇಳ್ರಿ. ಮೈ ಅಳತೆಗಿಂತ ಎರಡು–ಮೂರು ಇಂಚು ಹೆಚ್ಚಿದ್ರ ಕುರ್ತಿ ಸರಾಗ ಆಗತೈತಿ.

▪️ ಟ್ರಯಲ್ ರೂಮ್ ಇಲ್ಲಂದ್ರ, ಸರಿಯಾಗಿ ಕೂಡೋ ಹಳೇ ಕುರ್ತಿ ಒಯ್ದು ಹೊಸದರ ಮ್ಯಾಲಿಟ್ಟು ನೋಡ್ರಿ.

▪️ ಎದೆ, ಭುಜ ಕೂಡಿದ್ರ ತಗೋರಿ. ಬದಿಯ ಹೊಲಿಗೆ ಟೇಲರ್ ಹಿಡೀತಾರ. ಭುಜ ಬಿಚ್ಚಿ ಹೊಲಿಯೋದು ತ್ರಾಸು.

ಅಂಗಡಿಯವರಿಗೂ ಒಂದು ವಿನಂತಿ: ಸೈಜ್ ಕೂಗಬ್ಯಾಡ್ರಿ. ಒಂದು ಮೂಲಿಗೆ ಪರದೆ ಕಟ್ಟಿ ಕನ್ನಡಿ ಇಟ್ರ ಅದೇ ಟ್ರಯಲ್ ರೂಮ್, ದೊಡ್ಡ ಖರ್ಚೇನಿಲ್ಲ.

ಮತ್ತ ಬಟ್ಟೆ ಆರಿಸುವಾಗ “ನಿನಗ ಯಾವುದು ಬೇಕವ್ವ?” ಅಂತ ಆಕಿನ್ನ ಕೇಳ್ರಿ. ಹಾಕ್ಕೊಂಡು ಸಾಲಿಗೆ ಹೋಗಾಕಿ ಆಕಿ.

ನಿಮ್ಮೂರಾಗ ಟ್ರಯಲ್ ರೂಮ್ ಇರೋ ಬಟ್ಟೆ ಅಂಗಡಿ ಎಷ್ಟದಾವ? ಕಮೆಂಟಿನಾಗ ಬರೀರಿ.

#ಬಜಾರದಮಾತು #ಮಸ್ಕಿ #ಸಿಂಧನೂರು #ಲಿಂಗಸುಗೂರು