ಕೊಟ್ಟಿಗೆಯ ನೊಣಕ್ಕೂ ಒಂದು ಲೆಕ್ಕ ಬೇಕು

ಮಳೆಗಾಲದಲ್ಲಿ ದನಗಳಿಗೆ ಮುತ್ತಿ ರಕ್ತ ಹೀರುವ ದಪ್ಪ ನೊಣವನ್ನು ನೋಡದ ಬೆಳೆಗಾರರಿಲ್ಲ. ಆದರೆ ಅದು ಯಾವ ಜಾತಿಯದು, ಯಾವ ಊರಿನಲ್ಲಿ, ಯಾವ ತಿಂಗಳು ಹೆಚ್ಚು ಎಂಬುದನ್ನು ಬರೆದಿಡುವವರು ವಿರಳ. ಈ ಕೆಲಸವನ್ನು ಸದಸ್ಯರೇ ಕೈಗೆತ್ತಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಟಬಾನಿಡೇ ಕುಟುಂಬದ ಈ ನೊಣಗಳಲ್ಲಿ ಜಗತ್ತಿನಾದ್ಯಂತ 4,000ಕ್ಕೂ ಹೆಚ್ಚು ಜಾತಿಗಳಿವೆ. ರಕ್ತ ಹೀರುವುದು ಹೆಣ್ಣು ಮಾತ್ರ. ಗಂಡಿಗೆ ಹೂವಿನ ಮಕರಂದವೇ ಆಹಾರ. ಹಲವು ಜಾತಿಗಳ ಮರಿಹುಳುಗಳು ಹಳ್ಳ, ಗದ್ದೆಗಳ ಅಂಚಿನ ಕೆಸರಿನಲ್ಲಿ ಬೆಳೆಯುತ್ತವೆ.

ಇದು ಬರಿಯ ಕುತೂಹಲದ ಮಾತಲ್ಲ. 1880ರಲ್ಲಿ ಗ್ರಿಫಿತ್ ಇವಾನ್ಸ್ ಅವರು ಪಂಜಾಬಿನಲ್ಲಿ ಕುದುರೆ, ಒಂಟೆಗಳ ರಕ್ತದಲ್ಲಿ ಸರ್ರಾ ರೋಗಾಣುವನ್ನು ಕಂಡುಹಿಡಿದರು. ದನ, ಎಮ್ಮೆಗಳಿಗೂ ಬರುವ ಈ ರೋಗವನ್ನು ಹರಡುವುದರಲ್ಲಿ ಇಂಥ ನೊಣಗಳದೇ ದೊಡ್ಡ ಪಾಲು. ಅರ್ಧ ಹೀರುವಷ್ಟರಲ್ಲಿ ಓಡಿಸಿಕೊಂಡ ನೊಣ ಪಕ್ಕದ ಪಶುವಿನ ಮೇಲೆ ಕುಳಿತಾಗ, ಬಾಯಿಗೆ ಅಂಟಿದ ರಕ್ತದೊಡನೆ ರೋಗಾಣುವೂ ದಾಟುತ್ತದೆ. ಹಾಲು ಇಳಿದರೆ ಮನೆಗೆ ನಷ್ಟ. ದನ ಸತ್ತರೆ ತೋಟದ ಗೊಬ್ಬರಕ್ಕೂ ನಷ್ಟ.

ಸ್ಥಳದ ದಾಖಲೆಯ ಬೆಲೆ ಮಲೆನಾಡಿಗೆ ಹೊಸತಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತದ್ದನ್ನು ಗಮನಿಸಿದ್ದರಿಂದಲೇ ಮಂಗನ ಕಾಯಿಲೆಯ ಸುಳಿವು ಸಿಕ್ಕಿತು. ಮುಂದೆ ಅದನ್ನು ಹರಡುವ ಉಣ್ಣೆಯ ಜಾತಿಯೂ ಗೊತ್ತಾಯಿತು. ಜಾತಿ ತಿಳಿಯದೆ, ಊರು ತಿಳಿಯದೆ ಹಳ್ಳದ ಬದಿಗೆಲ್ಲ ಔಷಧಿ ಹೊಡೆದರೆ ಸಾಯುವುದು ಮೀನು ಮತ್ತು ಜೇನು.

ಸದಸ್ಯರು ಮಾಡಬೇಕಾದದ್ದು ಇಷ್ಟೆ. ಹಿಡಿದ ನೊಣವನ್ನು ಒಣಗಿಸಿ, ಬೆಂಕಿಪೆಟ್ಟಿಗೆಯಲ್ಲಿ ಕಾಗದದ ಮೇಲಿಟ್ಟು, ನುಸಿಗುಳಿಗೆಯ ಚೂರು ಹಾಕಿ. ಚೀಟಿಯಲ್ಲಿ ಊರು, ತಾಲ್ಲೂಕು, ದಿನಾಂಕ, ಹಿಡಿದವರ ಹೆಸರು, ಯಾವ ಪಶುವಿನ ಮೇಲೆ ಕುಳಿತಿತ್ತು, ಹತ್ತಿರ ಹಳ್ಳವೋ ಗದ್ದೆಯೋ ಎಂದು ಬರೆಯಿರಿ. ಚೀಟಿಯಿಲ್ಲದ ನೊಣ ಹೆಸರಿಲ್ಲದ ಮೂಟೆಯಂತೆ. ಎಲ್ಲಿಂದ ಬಂತೆಂದು ಯಾರೂ ಹೇಳಲಾರರು. ಮೊಬೈಲಿನ ಚಿತ್ರವೂ ಉಪಯುಕ್ತ, ಆದರೆ ಮೀಸೆ, ಹಣೆ, ರೆಕ್ಕೆಗಳ ಸೂಕ್ಷ್ಮ ಗುರುತಿನಿಂದ ಜಾತಿ ನಿರ್ಣಯವಾಗುವುದರಿಂದ ನೊಣವನ್ನೇ ಉಳಿಸಿರಬೇಕು. ಹುಡುಕಿದರೂ ಸಿಗಲಿಲ್ಲವೆಂದರೆ ಅದನ್ನೂ ದಿನಾಂಕ ಸಹಿತ ತಿಳಿಸಿ.

ತೋಟದ ಕೆಲಸವೇ ಮುಗಿಯದಿರುವಾಗ ಇದೊಂದು ಬೇರೆಯೇ ಎನ್ನುವವರಿದ್ದಾರೆ. ಆದರೆ ಮಳೆಯ ಅಳತೆಯನ್ನು ದಿನವೂ ಬರೆದಿಡುವ ನಮ್ಮ ಬೆಳೆಗಾರರಿಗೆ ಇದು ಹೊರೆಯಾಗಲಾರದು. ಪೆಟ್ಟಿಗೆಗಳನ್ನು ಸಂಘದ ಕಚೇರಿಗೆ ತಲುಪಿಸಿ. ಕೀಟಶಾಸ್ತ್ರ ಬಲ್ಲವರಿಗೆ ಕಳುಹಿಸಿ, ಬಂದ ಉತ್ತರವನ್ನು ಊರುವಾರು ಪಟ್ಟಿಮಾಡಿ ಇದೇ ಪತ್ರಿಕೆಯಲ್ಲಿ ಪ್ರಕಟಿಸುವ ಹೊಣೆ ನಮ್ಮದು.