ಹಗೆಯಿಲ್ಲದ ಗುರಿ

ಹಲಸಂಗಿ ಎಂದೊಡನೆ ಕನ್ನಡದ ವಾಚಕನಿಗೆ ಮೊದಲು ನೆನಪಾಗುವುದು ಹಾಡು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಕೂಡಿಸಿದರು. 1931ರಲ್ಲಿ ‘ಗರತಿಯ ಹಾಡು’ ಬೆಳಕು ಕಂಡಿತು. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣಿಗೆ ಮನೆಯಲ್ಲಿ ತನ್ನದೆನ್ನುವ ವಸ್ತು ಬೇರೆ ಏನಿತ್ತೋ ಇಲ್ಲವೋ, ಹಾಡು ಮಾತ್ರ ಅವಳದೇ ಆಗಿತ್ತೆಂಬುದು ಆ ಸಂಕಲನದಿಂದ ನಾಡಿಗೆ ತಿಳಿಯಿತು.

ಅದೇ ಸೀಮೆಗೆ ಇನ್ನೊಂದು ಹೆಸರೂ ಅಂಟಿಕೊಂಡಿದೆ. ಇಂಡಿ, ಚಡಚಣಗಳ ಸುತ್ತಿನ ಭೀಮಾತೀರವೆಂದರೆ ವೃತ್ತಪತ್ರಿಕೆಗಳ ಭಾಷೆಯಲ್ಲಿ ನಾಡಪಿಸ್ತೂಲು, ತಲೆಮಾರಿನ ಹಗೆ, ಕೋರ್ಟಿನ ಮೆಟ್ಟಿಲು. ಚಲನಚಿತ್ರದವರು ಅದಕ್ಕೆ ಇನ್ನಷ್ಟು ಬಣ್ಣ ಬಳಿದರು. ಇಂಥ ಸೀಮೆಯ ಗೃಹಿಣಿಯೊಬ್ಬಳಿಗೆ, “ಅಕ್ಕಾ, ಬಿಡುವಿನ ಹೊತ್ತಿನಲ್ಲಿ ಬಂದೂಕು ಹಿಡಿದು ಗುರಿ ಹೊಡೆಯುವುದನ್ನು ಕಲಿಯಬಾರದೇಕೆ?” ಎಂದು ಯಾರಾದರೂ ಕೇಳಿದರೆಂದುಕೊಳ್ಳೋಣ. “ಅಯ್ಯ ಯವ್ವಾ, ಆ ಸುಡಗಾಡ ಪಿಸ್ತೂಲ ನಮಗ್ಯಾಕ ಬೇಕು?” ಎಂದು ಆಕೆ ಕೈಮುಗಿದಾಳು. ಆ ಉತ್ತರದಲ್ಲಿ ಅಜ್ಞಾನವಿಲ್ಲ, ಅನುಭವವಿದೆ. ಹಗೆಯ ಬಂದೂಕು ಹಾರಿದಾಗ ಬೀಳುವವನು ಗಂಡಸಾದರೂ ಮುಂದಿನ ಮೂವತ್ತು ವರುಷ ಅದರ ಪೆಟ್ಟನ್ನು ಉಣ್ಣುವವಳು ಹೆಂಗಸು.

ಆದರೆ ಬಂದೂಕಿನ ಎದುರಿನಿಂದ ಹಗೆಯನ್ನು ತೆಗೆದುಬಿಟ್ಟರೆ ಉಳಿಯುವುದೇನು? ಹತ್ತು ಮೀಟರು ದೂರದಲ್ಲಿ ಒಂದು ಕಾಗದ, ಕಾಗದದ ನಡುವೆ ಒಂದು ಕಪ್ಪು ವೃತ್ತ. ಆ ವೃತ್ತಕ್ಕೆ ಯಾರ ಮೇಲೂ ಸಿಟ್ಟಿಲ್ಲ, ಅದರ ಮೇಲೆ ಸಿಟ್ಟು ಮಾಡಿಕೊಂಡವನಿಗೆ ಅದು ಎಂದೂ ಒಲಿಯುವುದೂ ಇಲ್ಲ. ಗುರಿಗಾರಿಕೆಯೆಂಬ ಆಟದ ಗುಟ್ಟೆಲ್ಲ ಇಷ್ಟರಲ್ಲೇ ಅಡಗಿದೆ. ಈ ಗುಟ್ಟನ್ನು ಅರಿತ ಹೆಂಗಸರ ಕಥೆಗಳು ಈಚಿನ ದಶಕಗಳಲ್ಲಿ ಒಂದೆರಡಲ್ಲ. ಅವುಗಳಲ್ಲಿ ಮೊದಲು ಹೇಳಬೇಕಾದುದು ಒಬ್ಬ ಅಜ್ಜಿಯ ಕಥೆ.

ಉತ್ತರ ಪ್ರದೇಶದ ಬಾಗಪತ್ ಜಿಲ್ಲೆಯಲ್ಲಿ ಜೋಹ್ರಿ ಎಂಬುದೊಂದು ಹಳ್ಳಿ. ಕಬ್ಬು, ಎಮ್ಮೆ, ತುಂಬು ಸಂಸಾರ, ಮುಖದ ಮೇಲೆ ಸೆರಗು: ಹೆಸರು ಬದಲಾಯಿಸಿದರೆ ಅದು ಇಂಡಿ ಸೀಮೆಯ ಯಾವುದೇ ಹಳ್ಳಿಯಾದೀತು. ಅಲ್ಲಿ ಹುಡುಗರಿಗಾಗಿ ಗುರಿಗಾರಿಕೆಯ ತರಬೇತಿ ಆರಂಭವಾಗಿತ್ತು. 1999ರಲ್ಲಿ ಚಂದ್ರೋ ತೋಮರ್ ಎಂಬ, ಅರವತ್ತು ದಾಟಿದ ಅಜ್ಜಿ ತಮ್ಮ ಮೊಮ್ಮಗಳು ಶೆಫಾಲಿಯನ್ನು ಅಲ್ಲಿಗೆ ಕರೆದೊಯ್ದರು. ಹುಡುಗರೇ ತುಂಬಿದ್ದ ಆ ಸ್ಥಳಕ್ಕೆ ಒಬ್ಬಳೇ ಹೋಗಲು ಮೊಮ್ಮಗಳು ಅಂಜುತ್ತಿದ್ದಳು. ಪಿಸ್ತೂಲಿಗೆ ಗುಂಡು ತುಂಬಲು ಅವಳು ಒದ್ದಾಡುತ್ತಿದ್ದುದನ್ನು ಕಂಡು ಅಜ್ಜಿ, “ಇತ್ತ ಕೊಡು” ಎಂಬಂತೆ ಅದನ್ನು ಕೈಗೆ ತೆಗೆದುಕೊಂಡರು, ತುಂಬಿದರು, ಎತ್ತಿ ಹಿಡಿದು ಹೊಡೆದೂಬಿಟ್ಟರು. ಗುಂಡು ಗುರಿಯ ನಡುವಿಗೇ ಹೋಗಿ ತಾಗಿತು. ತರಬೇತಿ ನೀಡುತ್ತಿದ್ದ ಫಾರೂಕ್ ಪಠಾಣರು ಬೆರಗಾಗಿ, ನೀವೂ ಏಕೆ ಕಲಿಯಬಾರದೆಂದು ಕೇಳಿದರು.

ಕಲಿಯಲೇನೋ ಆಸೆ, ಆದರೆ ಮನೆಯ ಗಂಡಸರಿಗೆ ಹೇಳುವ ಬಗೆ ಹೇಗೆ? ಮನೆಯವರು ಮಲಗಿದ ಮೇಲೆ ನೀರು ತುಂಬಿದ ಪಾತ್ರೆಯನ್ನು ಒಂದೇ ಕೈಯಲ್ಲಿ ನೀಳವಾಗಿ ಎತ್ತಿ ಹಿಡಿದು ನಿಲ್ಲುತ್ತಿದ್ದೆನೆಂದು ಅವರು ಮುಂದೆ ಹೇಳಿಕೊಂಡಿದ್ದುಂಟು. ತೋಳು ನಡುಗದಿರಲೆಂದು ಈ ಸಾಧನೆ. ಹಗಲು ಮೇವು, ಸಗಣಿ, ಒಲೆ. ರಾತ್ರಿ ಈ ಗುಟ್ಟಿನ ಅಭ್ಯಾಸ. ಕೆಲವು ದಿನಗಳಲ್ಲಿ ಅವರ ನೆಗೆಣ್ಣಿ ಪ್ರಕಾಶಿ ತೋಮರ್ ಸಹ ಜೊತೆಗೂಡಿದರು. ಊರು ನಕ್ಕಿತು. ಮುದುಕಿ ಈ ವಯಸ್ಸಿನಲ್ಲಿ ಸೈನ್ಯ ಸೇರುವಳೇ ಎಂದು ಅಣಕಿಸಿತು. ಅವರು ಕೇಳಿಸಿಕೊಂಡರು, ಉತ್ತರ ಕೊಡಲಿಲ್ಲ. ಗಾಗ್ರ ಉಟ್ಟು, ತಲೆಯ ಮೇಲೆ ಸೆರಗು ಹೊದ್ದೇ ಸ್ಪರ್ಧೆಗಳಿಗೆ ಹೋಗಿ ಪದಕಗಳನ್ನು ಹೊತ್ತು ತಂದರು.

ಪದಕಗಳಿಗಿಂತ ದೊಡ್ಡ ಫಲ ಬೇರೆ ಇತ್ತು. ಪ್ರಕಾಶಿಯವರ ಮಗಳು ಸೀಮಾ ತೋಮರ್ 2010ರಲ್ಲಿ ವಿಶ್ವಕಪ್ಪಿನ ಟ್ರ್ಯಾಪ್ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕ ಗೆದ್ದರು. ಅಜ್ಜಿಯರನ್ನು ನೋಡಿ ನಕ್ಕ ಊರೇ ಮುಂದೆ ತನ್ನ ಹೆಣ್ಣುಮಕ್ಕಳನ್ನು ಆ ಮೈದಾನಕ್ಕೆ ಕಳುಹಿಸತೊಡಗಿತು. 2019ರಲ್ಲಿ ಈ ನೆಗೆಣ್ಣಿಯರ ಬದುಕು ಹಿಂದಿಯ ಚಲನಚಿತ್ರವಾಯಿತು. 1932ರಲ್ಲಿ ಹುಟ್ಟಿದ ಚಂದ್ರೋ 2021ರ ಏಪ್ರಿಲ್ 30ರಂದು ಕೋವಿಡ್ ಬೇನೆಯಿಂದ ತೀರಿಕೊಂಡರು.

ಇದನ್ನು ಪವಾಡವೆಂದು ಕೈಮುಗಿದು ಮುಂದೆ ಹೋಗುವುದು ಸುಲಭ. ಆದರೆ ಆಟದ ರೀತಿಯನ್ನು ಬಲ್ಲವರಿಗೆ ಇದರಲ್ಲಿ ಪವಾಡವೇನೂ ಕಾಣದು. ಗಾಳಿಪಿಸ್ತೂಲಿನ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರು. ಗಾಳಿರೈಫಲ್ಲಿನದು ಇನ್ನೂ ನಿಷ್ಠುರ. ಅಲ್ಲಿ ಹತ್ತು ಅಂಕವೆಂದರೆ ಅರ್ಧ ಮಿಲಿಮೀಟರಿನ ಒಂದು ಚುಕ್ಕೆ, ಸಾಸಿವೆ ಕಾಳಿಗಿಂತ ಚಿಕ್ಕದು. ಅದನ್ನು ಮುಟ್ಟಲು ತೋಳ್ಬಲವೊಂದೇ ಸಾಲದು, ವೇಗವಂತೂ ಬೇಡವೇ ಬೇಡ. ಬೇಕಾದುದು ನಿಶ್ಚಲತೆ ಮತ್ತು ಒಂದೇ ಕೆಲಸವನ್ನು ಅರವತ್ತು ಸಲ ಬೇಸರವಿಲ್ಲದೆ ಮಾಡುವ ತಾಳ್ಮೆ. ದಿನಕ್ಕೆ ಮೂವತ್ತು ರೊಟ್ಟಿಗಳನ್ನು ಒಂದೇ ಅಳತೆಯಲ್ಲಿ ತಟ್ಟುವ ಕೈಗೆ, ಅಕ್ಕಿಯೊಳಗಿನ ಹರಳನ್ನು ಹೆಕ್ಕುವ ಕಣ್ಣಿಗೆ ಇಂಥ ತಾಳ್ಮೆ ಹೊಸದೇ?

ಹೊಸದಾಗಿ ಮೈದಾನಕ್ಕೆ ಬಂದ ಗೃಹಿಣಿಗೆ ಮೊದಲ ದಿನ ಗುಂಡು ಹೊಡೆಯಲು ಬಿಡುವುದಕ್ಕಿಂತ ಮುಂಚೆ ಶಿಸ್ತನ್ನು ಕಲಿಸುತ್ತಾರೆ. ಬರಿದಾದ ಬಂದೂಕಿನ ಮೂತಿಯೂ ಯಾರ ಕಡೆಗೂ ತಿರುಗಕೂಡದು. ಗುರಿ ಹಿಡಿಯುವ ತನಕ ಬೆರಳು ಟ್ರಿಗರಿನ ಹೊರಗೇ ಇರಬೇಕು. ಅಪ್ಪಣೆಯಾಗದೆ ಗುಂಡು ತುಂಬಬಾರದು. ನಿಲ್ಲಿಸೆಂದ ಕ್ಷಣವೇ ಕೆಳಗಿಡಬೇಕು. ನಾಡಪಿಸ್ತೂಲಿನ ಲೋಕಕ್ಕೂ ಈ ಲೋಕಕ್ಕೂ ಇರುವ ಅಂತರ ಅವಳಿಗೆ ಮೊದಲ ಅರ್ಧಗಂಟೆಯಲ್ಲೇ ತಿಳಿದುಹೋಗುತ್ತದೆ. ಅಲ್ಲಿ ಬಂದೂಕು ಹಿಡಿದವನಿಗೆ ಬೇರೆಯವರು ಅಂಜಬೇಕು; ಇಲ್ಲಿ ಹಿಡಿದವಳೇ ಅಂಜಿಕೆಯಿಂದ ಅದನ್ನು ಕಾಯಬೇಕು.

ಎರಡನೆಯ ಪಾಠ ತನ್ನ ಮೈಯದು. ಒಂದೂವರೆ ಕಿಲೋಗ್ರಾಮಿನೊಳಗಿನ ಪಿಸ್ತೂಲು ಮೊದಲ ನಿಮಿಷ ಹಗುರ, ಹತ್ತನೆಯ ನಿಮಿಷ ಕಬ್ಬಿಣದ ಗುದ್ದಲಿ. ಅದನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿಯಬೇಕು; ಇನ್ನೊಂದು ಕೈಯ ಆಸರೆ ಇಲ್ಲ. ಎಷ್ಟು ಗಟ್ಟಿಯಾಗಿ ಹಿಡಿದರೂ ನಳಿಗೆಯ ತುದಿ ಗಾಳಿಯಲ್ಲಿನ ದೀಪದಂತೆ ಅಲುಗಾಡುತ್ತದೆ. ಮೊನೆ ವೃತ್ತದ ನೇರಕ್ಕೆ ಬಂದ ಗಳಿಗೆಯನ್ನೇ ಹಿಡಿಯುವೆನೆಂದು ಹೊಸಬಳು ತಟ್ಟನೆ ಬೆರಳು ಎಳೆಯುತ್ತಾಳೆ. ಆ ಎಳೆತಕ್ಕೇ ಪಿಸ್ತೂಲು ಕದಲಿ ಗುಂಡು ಎಲ್ಲೋ ಹೋಗುತ್ತದೆ. ಗುರಿಯನ್ನು ಕಸಿದುಕೊಳ್ಳಲು ಹೋದವಳಿಗೆ ಗುರಿ ದಕ್ಕದು. ಅಲುಗಾಟ ಇರಲೇ ಇರುತ್ತದೆ. ಅದನ್ನು ಸಹಿಸಿಕೊಂಡು, ಉಸಿರನ್ನು ಅರ್ಧ ಬಿಟ್ಟು ತಡೆದು, ಬೆರಳನ್ನು ಮೆಲ್ಲಗೆ ಒತ್ತುತ್ತ ಹೋಗಬೇಕು. ಗುಂಡು ಹಾರಿದ್ದು ತನಗೇ ಅಚ್ಚರಿಯೆನಿಸಬೇಕು.

ಇನ್ನೂ ಒಂದು ಸೋಜಿಗ. ಪಿಸ್ತೂಲಿನವರು ನೋಟವನ್ನು ನಿಲ್ಲಿಸುವುದು ದೂರದ ವೃತ್ತದ ಮೇಲಲ್ಲ, ನಳಿಗೆಯ ಮುಂತುದಿಯ ಮೊನೆಯ ಮೇಲೆ. ಮೊನೆ ಸ್ಪಷ್ಟ, ಗುರಿ ಮಸುಕು. ಬೇಕಾದುದನ್ನು ಮಸುಕಾಗಿ ಬಿಟ್ಟು, ಕೈಯಲ್ಲಿರುವುದನ್ನು ಸ್ಪಷ್ಟವಾಗಿ ಕಾಣಬೇಕೆಂಬ ಈ ಮಾತು ಹೊಸಬಳಿಗೆ ವೇದಾಂತವೆಂಬಂತೆ ತೋರುತ್ತದೆ. ಒಂದು ತಿಂಗಳ ಅಭ್ಯಾಸದ ಮೇಲೆ ಬರಿಯ ಲೆಕ್ಕವೆಂದು ತಿಳಿಯುತ್ತದೆ. ಹಿಡಿತ ಸರಿಬರದಿದ್ದರೆ ತೋಳನ್ನು ಇಳಿಸಿ ಮತ್ತೆ ಎತ್ತಬೇಕು. ಹೀಗೆ ಹೊಡೆಯದೆ ಇಳಿಸುವುದನ್ನು ಕಲಿತವಳೇ ಮುಂದೆ ಚೆನ್ನಾಗಿ ಹೊಡೆಯುವವಳು. ಅಂಕದ ವಿಷಯದಲ್ಲೂ ಆತುರವಿಲ್ಲ. ಹತ್ತು ಗುಂಡುಗಳು ಒಂದೇ ಕಡೆ ಗುಂಪಾಗಿ ಬಿದ್ದರೆ, ಆ ಕಡೆ ತಪ್ಪಾದದ್ದಾದರೂ ಸರಿಯೆ, ತಿರುಪು ತಿರುಗಿಸಿ ತಿದ್ದಬಹುದು. ಚೆಲ್ಲಾಪಿಲ್ಲಿಯಾಗಿ ಬಿದ್ದವುಗಳ ನಡುವೆ ಒಂದು ಹತ್ತು ಸಿಕ್ಕರೆ ಅದು ಅದೃಷ್ಟ, ವಿದ್ಯೆಯಲ್ಲ.

ಕನ್ನಡ ನಾಡಿಗೆ ಹಗೆಯಿಲ್ಲದ ಬಂದೂಕು ಅಪರಿಚಿತವೇನಲ್ಲ. ಕೊಡಗಿನಲ್ಲಿ ಕೋವಿ ಮನೆಯ ಒಬ್ಬ ಸದಸ್ಯನಂತೆ. ಕೈಲ್‌ಪೊಳ್ದ್ ಹಬ್ಬದಂದು ಅದನ್ನು ಶುಚಿಗೊಳಿಸಿ, ಮೂತಿಗೆ ತೋಕ್‌ಪೂವನ್ನು ಸಿಕ್ಕಿಸಿ ಪೂಜಿಸುತ್ತಾರೆ. ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಗಳಲ್ಲಿ ಈಗ ಹೆಂಗಸರೂ ಕೋವಿ ಎತ್ತುತ್ತಾರೆ. ಸೀರೆಯ ನೆರಿಗೆಯನ್ನು ಹಿಂದಕ್ಕೆ ಕಟ್ಟಿದ ಕೊಡವತಿ ಕಾಯಿಯನ್ನು ಒಡೆದಾಗ ಅದನ್ನು ಯಾರೂ ವಿಪರೀತವೆಂದು ತಿಳಿಯುವುದಿಲ್ಲ. ಕೊಡಗಿನವರಿಗೆ ಶಸ್ತ್ರ ಪರವಾನಗಿಯಿಂದ ಬಹು ಹಿಂದಿನಿಂದ ಇದ್ದ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಇನ್ನೂ ಹತ್ತು ವರುಷ ಮುಂದುವರಿಸಿತು.

ಕೊಡಗು ದೂರವೆನ್ನುವ ವಿಜಾಪುರದವರಿಗೆ ಕೊಲ್ಲಾಪುರ ಹತ್ತಿರವಿದೆ. ಮಹಾಲಕ್ಷ್ಮಿಯ ದರ್ಶನಕ್ಕೆಂದು ಗಡಿಯ ಈಚೆಯಿಂದ ಜನ ಹೋಗುವ ಆ ಊರಿನ ತೇಜಸ್ವಿನಿ ಸಾವಂತರು 2010ರಲ್ಲಿ ಮ್ಯೂನಿಕ್ ನಗರದಲ್ಲಿ 50 ಮೀಟರು ರೈಫಲ್ಲಿನ, ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ ವಿಶ್ವವಿಜೇತೆಯಾದರು. ಅರವತ್ತು ಗುಂಡುಗಳಿಗೆ 600ರಲ್ಲಿ 597 ಅಂಕ. ಕಳೆದುಕೊಂಡದ್ದು ಮೂರೇ ಮೂರು. ಒಲಿಂಪಿಕ್ ಕ್ರೀಡೆಗಳಲ್ಲಿ ಮೊದಲ ಸಲ ನಿಲ್ಲುವ ಭಾಗ್ಯ ಅವರಿಗೆ ಒದಗಿದ್ದು ಮಾತ್ರ 2021ರಲ್ಲಿ ಟೋಕಿಯೋದಲ್ಲಿ, ನಲವತ್ತರ ಪ್ರಾಯದಲ್ಲಿ. ಬೆಂಗಳೂರಿನ ದಿವ್ಯಾ ಟಿ. ಎಸ್. ಅವರು 2023ರಲ್ಲಿ ಬಾಕು ನಗರದ ವಿಶ್ವಕಪ್ಪಿನಲ್ಲಿ ಸರಬ್‌ಜೋತ್ ಸಿಂಗರ ಜೊತೆಗೂಡಿ ಗಾಳಿಪಿಸ್ತೂಲಿನ ಮಿಶ್ರ ಸ್ಪರ್ಧೆಯ ಚಿನ್ನವನ್ನೂ, ಅದೇ ವರುಷ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಎರಡು ಬೆಳ್ಳಿಯ ಪದಕಗಳನ್ನೂ ಗೆದ್ದರು.

ಗಂಡಸರ ಸರಿಸಮಕ್ಕೆ ಹೆಂಗಸು ನಿಲ್ಲಬಲ್ಲಳೇ ಎಂಬ ಹಳೆಯ ಪ್ರಶ್ನೆಗೂ ಈ ಆಟದಲ್ಲಿ ಉತ್ತರ ಸಿಕ್ಕಿ ಬಹುಕಾಲವಾಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಕಿನಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲದ ರೈಫಲ್ ಸ್ಪರ್ಧೆಯಲ್ಲಿ ಅಮೆರಿಕದ ಮಾರ್ಗರೆಟ್ ಮರ್ಡಾಕ್ ಮತ್ತು ಲ್ಯಾನಿ ಬ್ಯಾಷಮ್ ಇಬ್ಬರಿಗೂ ಬಂದದ್ದು 1162 ಅಂಕ. ಗುರಿಹಲಗೆಗಳನ್ನು ಮತ್ತೆ ನೋಡಿ ಚಿನ್ನವನ್ನು ಬ್ಯಾಷಮ್‌ಗೆ ಕೊಟ್ಟರು. ರಾಷ್ಟ್ರಗೀತೆ ನುಡಿಯುವಾಗ ಅವರು ಮರ್ಡಾಕರನ್ನು ಕೈಹಿಡಿದು ತಮ್ಮ ಮೆಟ್ಟಿಲಿಗೇ ಏರಿಸಿಕೊಂಡರು. 1992ರಲ್ಲಿ ಬಾರ್ಸಿಲೋನಾದ ಸ್ಕೀಟ್ ಸ್ಪರ್ಧೆಯಲ್ಲಿ ಚೀನದ ಝಾಂಗ್ ಶಾನ್ ಗಂಡಸರೆಲ್ಲರನ್ನೂ ಸೋಲಿಸಿ ಚಿನ್ನ ಗೆದ್ದರು. ಅದರ ಮುಂದಿನ ಒಲಿಂಪಿಕ್ಕಿನಲ್ಲಿ ಆ ಸ್ಪರ್ಧೆಯಲ್ಲಿ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ! ಅವರಿಗೆಂದೇ ಬೇರೆ ಸ್ಪರ್ಧೆ ಬಂದದ್ದು 2000ದಲ್ಲಿ. ಸೋತ ಹೆಣ್ಣನ್ನು ಲೋಕ ಬೇಗ ಕ್ಷಮಿಸುತ್ತದೆ, ಗೆದ್ದವಳನ್ನು ತಡವಾಗಿ.

ಆದರೆ ಹವ್ಯಾಸಕ್ಕೆಂದು ಬಂದವಳ ತೊಡಕು ಒಲಿಂಪಿಕ್ಕಿನದಲ್ಲ, ಒಲೆಯದು. ನಿಗದಿಯಾದ ಶಕ್ತಿಯ ಮಿತಿಯೊಳಗಿನ, 4.5 ಮಿಲಿಮೀಟರು ನಳಿಗೆಯ ಗಾಳಿಬಂದೂಕಿಗೆ ಸರ್ಕಾರದ ಪರವಾನಗಿ ಬೇಕಿಲ್ಲ. ಮನೆಯ ಪರವಾನಗಿ ಬೇಕು. ಗಂಡ ಸಂಜೆ ಎರಡು ತಾಸು ಇಸ್ಪೀಟು ಆಡಿ ಬಂದರೆ ಅದು ದಣಿವಾರಿಸಿಕೊಳ್ಳುವುದು. ಹೆಂಡತಿ ಒಂದು ತಾಸು ಹೊರಗೆ ಹೋದರೆ ಸಂಜೆಯ ಚಹ ಎಲ್ಲಿ ಎಂಬ ಪ್ರಶ್ನೆ. ಗುಂಡಿನ ಡಬ್ಬಿಯ ಬೆಲೆ, ಮೈದಾನದ ವರ್ಗಣಿ ಇವೆಲ್ಲ ಖರ್ಚೇ ಸರಿ. ಆದರೆ ಹೆಚ್ಚಿನ ಮನೆಗಳಲ್ಲಿ ಲೆಕ್ಕ ಕೇಳುವುದು ದುಡ್ಡಿಗಿಂತ ಮುಂಚೆ ಹೊತ್ತಿಗೆ. ಮಗಳು ಪದಕ ತರುವಳೆಂದರೆ ತಂದೆ ಸಾಲ ಮಾಡಿಯಾದರೂ ಕಳುಹಿಸಿಯಾನು. ಏನನ್ನೂ ತಾರದೆ, ಬರಿಯ ತನ್ನ ಸಂತೋಷಕ್ಕೆಂದು ಹೋಗುವ ತಾಯಿಗೆ ಸಮಾಧಾನ ಹೇಳಿಕೊಳ್ಳಲು ಕಾರಣವೇ ಸಿಗದು. ನೀರಿನ ಪಾತ್ರೆಯನ್ನು ಚಂದ್ರೋ ಕತ್ತಲಲ್ಲಿ ಎತ್ತಬೇಕಾಗಿ ಬಂದದ್ದು ತೋಳು ದುರ್ಬಲವಾಗಿದ್ದುದರಿಂದ ಮಾತ್ರವಲ್ಲ.

ಬೀಸುವ ಕಲ್ಲು ಈಗ ಬಹುಪಾಲು ಮನೆಗಳಲ್ಲಿ ಮೂಲೆ ಸೇರಿದೆ. ಗಿರಣಿ ಬಂದು ರಟ್ಟೆಯ ಶ್ರಮ ಉಳಿಯಿತು. ಉಳಿದ ಹೊತ್ತು ಯಾರ ಪಾಲಾಯಿತೆಂದು ಮಾತ್ರ ಯಾರೂ ಕೇಳಲಿಲ್ಲ. ಆ ಹೊತ್ತಿನಲ್ಲಿ ಒಬ್ಬಳು ಕಸೂತಿ ಹಾಕಲಿ, ಒಬ್ಬಳು ಹಾಡು ಬರೆಯಲಿ, ಇನ್ನೊಬ್ಬಳು ಕಾಗದದ ಕಪ್ಪು ವೃತ್ತದ ಮುಂದೆ ಉಸಿರು ಬಿಗಿಹಿಡಿದು ನಿಲ್ಲಲಿ, ಆಯ್ಕೆ ಅವರವರದು. ಹಗೆಗೆಂದು ಬಂದೂಕು ಹಿಡಿದ ಗಂಡಸರ ಕಥೆಯನ್ನು ಭೀಮಾತೀರ ಬೇಕಾದಷ್ಟು ಕೇಳಿದೆ. ಯಾರ ಮೇಲೂ ಸಿಟ್ಟಿಲ್ಲದೆ ಅದನ್ನು ಎತ್ತಿ, ಸರಿಬರಲಿಲ್ಲವೆಂದು ಹೊಡೆಯದೆ ಇಳಿಸಿ, ಮತ್ತೊಮ್ಮೆ ಎತ್ತುವ ಹೆಣ್ಣುಮಗಳ ಕಥೆಯನ್ನೂ ಅದು ಒಂದು ದಿನ ಕೇಳಲಿ. ಆ ದಿನ ಸಂಜೆಯ ಚಹವನ್ನು ಮನೆಯ ಯಜಮಾನರೇ ಕಾಸಿಕೊಂಡರೆ ಅವರ ಗೌರವಕ್ಕೆ ಕುಂದೇನೂ ಬಾರದು.