ಅಂಗೈಯ ಬೆವರು, ಹೃದಯದ ಬಡಿತ

ಕೆಲವರ ಅಂಗೈಗಳು ಚಳಿಗಾಲದಲ್ಲಿಯೂ ಬೆವರುತ್ತಲೇ ಇರುತ್ತವೆ. ವಿದ್ಯಾರ್ಥಿಯ ಉತ್ತರಪತ್ರಿಕೆ ಒದ್ದೆಯಾಗುತ್ತದೆ; ಹೊಲಿಯುವವರ ಸೂಜಿ ಜಾರುತ್ತದೆ. ನೋಡುವವರಿಗೆ ಇದು ಅಲ್ಪವೆನಿಸಬಹುದು, ಅನುಭವಿಸುವವರಿಗೆ ಅಲ್ಪವಲ್ಲ. ಇದರ ನಿವಾರಣೆಗಾಗಿ ನರದ ಶಸ್ತ್ರಚಿಕಿತ್ಸೆಯೊಂದುಂಟು. ಮಕ್ಕಳಿಗೆ ಅದನ್ನು ಮಾಡಿಸಲು ಯೋಚಿಸುವ ತಂದೆತಾಯಿಗಳು ಮೊದಲೇ ಅರಿಯಬೇಕಾದ ಸಂಗತಿಯೊಂದಿದೆ.

ಎದೆಗೂಡಿನೊಳಗೆ ಬೆನ್ನೆಲುಬಿನ ಎರಡೂ ಪಕ್ಕಗಳಲ್ಲಿ ಸಿಂಪಥೆಟಿಕ್ ಎಂಬ ನರಸರಪಳಿ ಇಳಿದುಬಂದಿದೆ. ಬೆವರಿನ ಗ್ರಂಥಿಗಳಿಗೆ ಆಜ್ಞೆ ಸಾಗುವುದು ಇದರ ಮೂಲಕ. ವೈದ್ಯರು ಕಂಕುಳಿನ ಬಳಿ ಸಣ್ಣ ರಂಧ್ರಗಳನ್ನು ಮಾಡಿ, ಎರಡರಿಂದ ನಾಲ್ಕನೆಯ ಪಕ್ಕೆಲುಬುಗಳ ಮಟ್ಟದಲ್ಲಿ ಈ ನರವನ್ನು ಕತ್ತರಿಸುತ್ತಾರೆ, ಇಲ್ಲವೆ ಕ್ಲಿಪ್ಪಿನಿಂದ ಬಿಗಿಯುತ್ತಾರೆ. ಅಂಗೈ ಸಾಮಾನ್ಯವಾಗಿ ಕೂಡಲೇ ಒಣಗುತ್ತದೆ.

ಆದರೆ ಹೃದಯದ ಬಡಿತವನ್ನು ತ್ವರೆಗೊಳಿಸುವ ಎಳೆಗಳೂ ಈ ಸರಪಳಿಯ ಮೇಲ್ಭಾಗದಿಂದಲೇ ಹೊರಡುತ್ತವೆ. ಈ ನಂಟು ಹಿಂದಿನವರಿಗೂ ತಿಳಿದಿತ್ತು. ರುಮೇನಿಯದ ಶಸ್ತ್ರವೈದ್ಯ ತೋಮಾ ಯೊನೆಸ್ಕು 1916ರಲ್ಲಿ ಹೃದಯಶೂಲೆಯ ಶಮನಕ್ಕಾಗಿಯೇ ಈ ಸರಪಳಿಯ ಮೇಲ್ಭಾಗವನ್ನು ತೆಗೆದಿದ್ದರು.

ಆದುದರಿಂದ ಎರಡೂ ಕಡೆಯ ನರವನ್ನು ಕತ್ತರಿಸಿದ ಬಳಿಕ ನಾಡಿಯ ವೇಗ ತುಸು ತಗ್ಗುವುದುಂಟು. ಓಡುವಾಗ, ಮೆಟ್ಟಿಲೇರುವಾಗ ಅದು ಮೊದಲಿನಷ್ಟು ಏರದೆ ಇರಬಹುದು. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳ ಪರಿಣಾಮವನ್ನು ಇದು ಹೋಲುತ್ತದೆ. ಆರೋಗ್ಯವಂತರಲ್ಲಿ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ಹರಿದು ಕೊರತೆ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ನಿತ್ಯದ ದುಡಿಮೆಗೆ ಸಾಮಾನ್ಯವಾಗಿ ಅಡ್ಡಿಯಾಗದು. ಆದರೆ ಮೊದಲೇ ನಾಡಿ ಮಂದವಾಗಿರುವವರು, ಹೃದಯದ ತೊಂದರೆಯುಳ್ಳವರು, ಓಟ ಕುಸ್ತಿಗಳಲ್ಲಿ ತೊಡಗಿದ ತರುಣರು ಇದನ್ನು ಲಘುವಾಗಿ ಎಣಿಸಬಾರದು.

ಇನ್ನೊಂದು ಮಾತು. ಅಂಗೈಯಲ್ಲಿ ನಿಂತ ಬೆವರು ಅನೇಕರಿಗೆ ಬೆನ್ನು, ಹೊಟ್ಟೆ, ತೊಡೆಗಳಲ್ಲಿ ಹೆಚ್ಚುತ್ತದೆ. ಬೇಸಿಗೆಯಲ್ಲಿಯೂ ವ್ಯಾಯಾಮದಲ್ಲಿಯೂ ಅದರ ಬಾಧೆ ಅಧಿಕ. ಕತ್ತರಿಸಿದ ನರವನ್ನು ಮರಳಿ ಕೂಡಿಸಿ ಮೊದಲಿನಂತೆ ಮಾಡುವ ಭರವಸೆಯಿಲ್ಲ.

ಆದಕಾರಣ ಮೃದುವಾದ ಉಪಾಯಗಳು ಮೊದಲಾಗಲಿ: ಅಲ್ಯೂಮಿನಿಯಂ ಕ್ಲೋರೈಡ್ ಲೇಪ, ನೀರಿನಲ್ಲಿ ಕೈಯಿಟ್ಟು ಸೌಮ್ಯ ವಿದ್ಯುತ್ ಹರಿಸುವ ಚಿಕಿತ್ಸೆ, ಬೊಟುಲಿನಮ್ ಚುಚ್ಚುಮದ್ದು. ಥೈರಾಯ್ಡ್ ದೋಷವಿದೆಯೇ ಎಂಬುದನ್ನೂ ಪರೀಕ್ಷಿಸಿಕೊಳ್ಳಬೇಕು. ಇವೆಲ್ಲ ವಿಫಲವಾಗಿ ಶಸ್ತ್ರಚಿಕಿತ್ಸೆಯೇ ಗತಿಯೆಂದಾದರೆ, ಒಪ್ಪಿಗೆಯ ಸಹಿಗೆ ಮುನ್ನ ಇ.ಸಿ.ಜಿ. ಮಾಡಿಸಿ, ಅಂಗೈಯ ಮಾತಿನೊಡನೆ ಹೃದಯದ ಮಾತನ್ನೂ ವೈದ್ಯರಲ್ಲಿ ಕೇಳಿ ತಿಳಿಯತಕ್ಕದ್ದು.